ಮೊದಲ ಹಿಮದಲ್ಲಿ ಎತ್ತರದ ಶಿಖರ ಹತ್ತುವವರಿಗೆ

ಎತ್ತರದ ಬೆಟ್ಟದ ಮೇಲೆ ಋತುವಿನ ಮೊದಲ ಹಿಮ ಬಿದ್ದಾಗ ಕೆಳಗಿನಿಂದ ನೋಡಿದರೆ ಯಾರೋ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಬೇಸಿಗೆಯಲ್ಲಿ ನಡೆದ ದಾರಿಯೇ, ಅಷ್ಟೇ ದೂರ, ಮೇಲೊಂದು ಗೇಣು ಬಿಳಿ ಅಷ್ಟೇ ತಾನೇ ಅನ್ನಿಸುತ್ತದೆ. ಅನುಭವಿ ಚಾರಣಿಗರು ಕೂಡ ಸಿಕ್ಕಿಹಾಕಿಕೊಳ್ಳುವುದು ಆ 'ಅಷ್ಟೇ ತಾನೇ' ಅನ್ನುವಲ್ಲಿ. ನಡುಚಳಿಗಾಲದ ಹೊತ್ತಿಗೆ ಹಿಮ ಆಳವಾಗಿ ಬಿದ್ದು, ಒತ್ತಿ ಕೂತು, ಕಲ್ಲು ಹಳ್ಳಗಳನ್ನೆಲ್ಲ ಹೂತು ಒಂದು ಹೊಸ ನೆಲವನ್ನೇ ಕಟ್ಟಿರುತ್ತದೆ. ಮೊದಲ ಹಿಮಕ್ಕೆ ಇನ್ನೂ ಆ ಶಕ್ತಿ ಇರುವುದಿಲ್ಲ. ಅದು ಕೆಳಗಿರುವುದನ್ನೆಲ್ಲ ಮುಚ್ಚುತ್ತದೆ, ಆದರೆ ನಿಮ್ಮ ಭಾರ ಹೊರುವುದಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಮುಂದಿನ ಸೂಚನೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹಗ್ಗವಿಲ್ಲದೆ ನಡೆದೇ ತಲುಪಬಹುದಾದ, ಸುಮಾರು 3,000 ಮೀಟರಿನಿಂದ 5,000 ಮೀಟರಿನವರೆಗಿನ ಶಿಖರಗಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಹಿಮನದಿ ದಾಟಬೇಕಾದ ದಾರಿಗಳ ವಿಚಾರವೇ ಬೇರೆ. ಅಲ್ಲಿ ಮೊದಲ ಹಿಮ ಬಿರುಕುಗಳ ಮೇಲೆ ತೆಳು ಹೊದಿಕೆ ಹಾಸಿರುತ್ತದೆ. ಹಗ್ಗ, ತರಬೇತಿ, ಜೊತೆಗಾರರು ಇಲ್ಲದೆ ಅತ್ತ ಹೋಗಲೇಬಾರದು.

ಹೊರಡುವ ಮುಂಚಿನ ವಾರ

ನಾಳೆಯ ಹವಾಮಾನ ಎಲ್ಲರೂ ನೋಡುತ್ತಾರೆ. ಮೊದಲ ಹಿಮದ ಕಾಲದಲ್ಲಿ ಕಳೆದ ಎರಡು ಮೂರು ವಾರಗಳ ಹವಾಮಾನವನ್ನೂ ನೋಡಬೇಕು. ಯಾವತ್ತು ಹಿಮ ಬಿತ್ತು, ಎಷ್ಟು ಬಿತ್ತು, ಆಮೇಲೆ ಎಷ್ಟು ದಿನ ಬಿಸಿಲಿತ್ತು, ರಾತ್ರಿ ಎಷ್ಟು ಕೊರೆಯಿತು, ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಬಿದ್ದ ಹಿಮ ಮಧ್ಯಾಹ್ನ ಕರಗಿ ರಾತ್ರಿ ಗಟ್ಟಿಯಾಗಿದ್ದರೆ ದಾರಿಯ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂದರ್ಥ. ಹಿಮ ಬಿದ್ದ ಮೇಲೆ ಎರಡು ದಿನ ಜೋರು ಗಾಳಿ ಇದ್ದರೆ ಒಂದು ಮಗ್ಗುಲಿನ ಹಿಮವೆಲ್ಲ ಇನ್ನೊಂದು ಮಗ್ಗುಲಿಗೆ ಹೋಗಿ ರಾಶಿ ಬಿದ್ದಿರುತ್ತದೆ. ಈ ಹಾಳೆಯ ಕೆಲಸ ಬೆಟ್ಟದ ಮೇಲೆ ಬರುತ್ತದೆ.

ಮುನ್ಸೂಚನೆ ನೋಡುವಾಗ ಅದು ಯಾವ ಎತ್ತರದ್ದು ಎಂದು ಗಮನಿಸಿ. ಕೆಳಗಿನ ಪಟ್ಟಣದ ಉಷ್ಣಾಂಶ ನೋಡಿ ಬಟ್ಟೆ ಕಟ್ಟಿಕೊಂಡರೆ ಮೇಲೆ ಸಾಲುವುದಿಲ್ಲ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ. ನಡಿಗೆ ಶುರುವಾಗುವ 2,800 ಮೀಟರಿನಲ್ಲಿ 6 ಡಿಗ್ರಿ ಇದ್ದರೆ 4,800 ಮೀಟರಿನ ನೆತ್ತಿಯಲ್ಲಿ ಮೈನಸ್ 7ರ ಆಸುಪಾಸು ಇರುತ್ತದೆ. ಅಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದ ಗಾಳಿ ಇದ್ದರಂತೂ ತೆರೆದ ಚರ್ಮಕ್ಕೆ ಅದು ಮೈನಸ್ 17ರ ಚಳಿಯ ಹಾಗೆ ತಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುವುದು ಗಾಳಿಯ ಅಂಕಿ. ಉಷ್ಣಾಂಶ ಎರಡನೆಯದು.

ಆ ಪ್ರದೇಶಕ್ಕೆ ಹಿಮಕುಸಿತದ ಮುನ್ಸೂಚನೆ ಇದ್ದರೆ ಅದನ್ನೂ ಓದಿ. ಅಪಾಯವನ್ನು 1ರಿಂದ 5ರವರೆಗಿನ ಮಟ್ಟಗಳಲ್ಲಿ ಹೇಳಿರುತ್ತಾರೆ. 3 ಎಂದರೆ ನಡುವಿನದು, ಪರವಾಗಿಲ್ಲ ಎಂದುಕೊಳ್ಳಬೇಡಿ. ಅದು ಆಗಲೇ ಗಣನೀಯ ಅಪಾಯದ ಮಟ್ಟ. ಇನ್ನೊಂದು ತೊಡಕೆಂದರೆ, ಋತುವಿನ ಆರಂಭದಲ್ಲಿ ಎಷ್ಟೋ ಕಡೆ ಈ ಮುನ್ಸೂಚನೆ ಇನ್ನೂ ಶುರುವೇ ಆಗಿರುವುದಿಲ್ಲ. ಎಚ್ಚರಿಕೆ ಪ್ರಕಟವಾಗಿಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬಾರದು.

ಕೊನೆಯದಾಗಿ, ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಜೊತೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸು ಎಂದು ಕೆಳಗಿರುವ ಒಬ್ಬರಿಗೆ ಬರೆದು ಕೊಡಿ. ಇಂಥ ಹೊತ್ತಿನವರೆಗೆ ಸುದ್ದಿ ಬರದಿದ್ದರೆ ಇಂಥ ಸಂಖ್ಯೆಗೆ ಕರೆ ಮಾಡಿ ಎಂದು ಅದೇ ಚೀಟಿಯಲ್ಲಿರಲಿ.

ಎತ್ತರಕ್ಕೆ ಮೈ ಒಗ್ಗಲಿ

ಹಿಮದ ಗುಂಗಿನಲ್ಲಿ ಎತ್ತರವನ್ನೇ ಮರೆಯುವವರಿದ್ದಾರೆ. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ವಯಸ್ಸು, ಕಸುವು, ಹಿಂದಿನ ಚಾರಣಗಳ ಲೆಕ್ಕ ಯಾವುದೂ ಅದನ್ನು ತಡೆಯುವುದಿಲ್ಲ. 3,000 ಮೀಟರಿನ ಮೇಲೆ ಒಂದು ರಾತ್ರಿ ಮಲಗುವ ಜಾಗಕ್ಕೂ ಮಾರನೆಯ ರಾತ್ರಿ ಮಲಗುವ ಜಾಗಕ್ಕೂ 500 ಮೀಟರಿಗಿಂತ ಹೆಚ್ಚು ಅಂತರ ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಒಂದು ದಿನ ಉಳಿಯಿರಿ. ಹಗಲು ಎತ್ತರಕ್ಕೆ ಹೋಗಿಬಂದು ರಾತ್ರಿ ಕೆಳಗೆ ಮಲಗುವುದು ಒಳ್ಳೆಯ ರೂಢಿ.

ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಕಂಡರೆ ಇನ್ನು ಮೇಲೆ ಹತ್ತಬೇಡಿ. ಗೆರೆ ಎಳೆದು ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ನೇರ ನಡೆಯಲು ಆಗದಿದ್ದರೆ, ಮಾತು ಅಸಂಬದ್ಧವಾದರೆ ಮಿದುಳಿನಲ್ಲಿ ನೀರು ತುಂಬುತ್ತಿದೆ ಎಂದುಕೊಳ್ಳಿ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ತೊಂದರೆ ಶ್ವಾಸಕೋಶದಲ್ಲಿದೆ. ಎರಡಕ್ಕೂ ಮೊದಲ ಚಿಕಿತ್ಸೆ ಕೆಳಗಿಳಿಯುವುದು. ಬೆಳಗಾಗಲಿ ಎಂದು ಕಾಯಬಾರದು, ಒಂಟಿಯಾಗಿ ಕಳಿಸಬಾರದು. ಅಸೆಟಜೋಲಮೈಡ್ ಮಾತ್ರೆಯ ವಿಚಾರ ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಮಾತಾಡಿ. ಅದು ಮೈ ಒಗ್ಗಲು ನೆರವಾಗುತ್ತದೆ, ಆದರೆ ಅವಸರವಾಗಿ ಹತ್ತುವುದಕ್ಕೆ ಪರವಾನಗಿ ಕೊಡುವುದಿಲ್ಲ.

ಕಾಲಿಗೆ, ಕೈಗೆ, ಬೆನ್ನಿಗೆ

ಬೂಟು ಗಟ್ಟಿ ಅಟ್ಟೆಯದಿರಲಿ, ನೀರು ಒಳಗೆ ಬಿಡದಂತಿರಲಿ. ಹಾಕಿಕೊಂಡು ಒಳಗೆ ಬೆರಳು ಆಡಿಸಿ ನೋಡಿ. ಚಳಿಯಾಗುತ್ತದೆಂದು ಎರಡು ಜೊತೆ ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡುವುದಿಲ್ಲ, ಪಾದ ಇನ್ನೂ ಬೇಗ ಮರಗಟ್ಟುತ್ತದೆ. ಹಿಮ ಬೂಟಿನೊಳಗೆ ಇಳಿಯದಂತೆ ಮೊಣಕಾಲಿನ ಕೆಳಗೆ ಗೇಟರ್ ಕಟ್ಟಿಕೊಳ್ಳಿ.

ಸರಪಳಿ ಮತ್ತು ಸಣ್ಣ ಮೊಳೆಗಳಿರುವ ಮೈಕ್ರೋಸ್ಪೈಕ್ ಸಾಧಾರಣ ಇಳಿಜಾರಿನ ಗಟ್ಟಿ ದಾರಿಗೆ ಬಹಳ ಒಳ್ಳೆಯದು, ಮೊದಲ ಹಿಮದ ದಿನಗಳಲ್ಲಿ ಹೆಚ್ಚು ಹೊತ್ತು ಕಾಲಲ್ಲಿರುವುದು ಅದೇ. ಕಡಿದಾದ ಗಟ್ಟಿ ಹಿಮಕ್ಕೆ ಅದು ಸಾಲದು. ಅಲ್ಲಿ ಕ್ರ್ಯಾಂಪಾನ್ ಬೇಕು, ಅಂದರೆ ಬೂಟಿನಡಿ ಬಿಗಿಯುವ, 10 ಅಥವಾ 12 ಮುಳ್ಳಿನ ಲೋಹದ ಚೌಕಟ್ಟು. ಬೂಟಿಗೂ ಕ್ರ್ಯಾಂಪಾನಿಗೂ ಹೊಂದಾಣಿಕೆ ಇದೆಯೇ ಎಂದು ಮನೆಯಲ್ಲೇ ಹಾಕಿ ನೋಡಿ. ಮೆತ್ತಗೆ ಬಾಗುವ ಬೂಟಿಗೆ ಬಾಗದ ಕ್ರ್ಯಾಂಪಾನ್ ಹಾಕಿದರೆ ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ. ದಪ್ಪ ಕೈಗವಸು ಹಾಕಿಕೊಂಡೇ ಪಟ್ಟಿ ಬಿಗಿಯುವುದನ್ನು ಹತ್ತು ಸಲ ಅಭ್ಯಾಸ ಮಾಡಿ. ಒದ್ದೆ ಹಿಮ ಅಡಿಯಲ್ಲಿ ಉಂಡೆ ಕಟ್ಟದಂತೆ ತಡೆಯುವ ತಟ್ಟೆಗಳು ಅದರಲ್ಲಿವೆಯೇ ಎಂದೂ ನೋಡಿ. ಹಿಮದ ಉಂಡೆ ಕಟ್ಟಿದ ಕ್ರ್ಯಾಂಪಾನ್ ಹಾಕಿಕೊಂಡು ನಿಲ್ಲುವುದೂ, ಉರುಳೆಯ ಮೇಲೆ ನಿಲ್ಲುವುದೂ ಒಂದೇ.

ಐಸ್ ಆಕ್ಸ್, ಅಂದರೆ ತಲೆಯ ಒಂದು ಕಡೆ ಚೂಪು ಕೊಕ್ಕಿರುವ ಹಿಮಗೊಡಲಿ, ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಲೆಭಾಗ ಹಿಡಿದು ಕೈ ಇಳಿಬಿಟ್ಟರೆ ಅದರ ಕೆಳತುದಿ ಕಾಲಿನ ಗಿಣ್ಣಿನ ಹತ್ತಿರ ಬಂದರೆ ಅಳತೆ ಸರಿ. ಜಾರಿದರೆ ಹೊಟ್ಟೆ ಕೆಳಗಾಗಿ ಹೊರಳಿ, ಆಕ್ಸ್‌ನ ತಲೆಯನ್ನು ಭುಜದ ಕೆಳಗೆ ಒತ್ತಿ ಹಿಡಿದು, ಎದೆಯ ಭಾರವನ್ನೆಲ್ಲ ಕೊಕ್ಕಿನ ಮೇಲೆ ಹಾಕಬೇಕು. ಕ್ರ್ಯಾಂಪಾನ್ ಇದ್ದರೆ ಪಾದ ಮೇಲೆತ್ತಿರಬೇಕು, ಇಲ್ಲದಿದ್ದರೆ ಮುಳ್ಳು ಸಿಕ್ಕಿ ದೇಹ ತಲೆಕೆಳಗಾಗುತ್ತದೆ. ಕೆಳಗೆ ಸಮತಟ್ಟು ಇರುವ, ಕಲ್ಲಿಲ್ಲದ ಜಾಗದಲ್ಲಿ ಇದನ್ನು ಕಲಿಸುವವರ ಎದುರಿಗೇ ಕಲಿಯಿರಿ. ಇಷ್ಟೆಲ್ಲ ಕಲಿತ ಮೇಲೂ ಒಂದು ಮಿತಿ ಉಳಿದೇ ಇದೆ. ಕೊಕ್ಕು ಕಚ್ಚಿ ಹಿಡಿಯಬೇಕಾದರೆ ಗಟ್ಟಿ ಕೂತ ಹಿಮ ಬೇಕು. ಕಲ್ಲಿನ ಮೇಲೆ ಒಂದು ಗೇಣು ಪುಡಿ ಹಿಮ ಇದ್ದರೆ ಕೊಕ್ಕು ಅದನ್ನು ಸೀಳಿಕೊಂಡು ಹೋಗಿ ಕಲ್ಲಿಗೆ ಬಡಿದು ಪುಟಿಯುತ್ತದೆ. ಆದ್ದರಿಂದ 'ಜಾರಿದರೆ ಆಕ್ಸ್ ಇದೆಯಲ್ಲ' ಎನ್ನುವ ಧೈರ್ಯದ ಮೇಲೆ ಮಾತ್ರ ದಾಟಬಹುದಾದ ಇಳಿಜಾರನ್ನು ಈ ಕಾಲದಲ್ಲಿ ನಾನು ದಾಟುವುದಿಲ್ಲ.

ಬಟ್ಟೆಯ ವಿಚಾರ ಎಲ್ಲರಿಗೂ ಗೊತ್ತಿರುವುದೇ. ಹತ್ತಿ ಬೇಡ, ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆಯ ಪದರಗಳಿರಲಿ, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗೆ ಹೊರಟರೆ ಅರ್ಧ ಗಂಟೆಯಲ್ಲಿ ಬೆವರುತ್ತೀರಿ, ನಿಂತ ಕೂಡಲೇ ಆ ಬೆವರೇ ಮೈ ಕೊರೆಯುತ್ತದೆ. ಹೆಚ್ಚುವರಿ ಕೈಗವಸು ಇರಲೇಬೇಕು, ಅದೂ ಮಣಿಕಟ್ಟಿಗೆ ದಾರ ಕಟ್ಟಿದ್ದು. ಏಣಿನ ಮೇಲೆ ಗಾಳಿಗೆ ಹಾರಿದ ಕೈಗವಸು ಮತ್ತೆ ಸಿಗುವುದಿಲ್ಲ.

ಕನ್ನಡಕವನ್ನು ಅಲಂಕಾರ ಎಂದುಕೊಳ್ಳಬೇಡಿ. ಪ್ರತಿ 1,000 ಮೀಟರಿಗೆ ಅತಿನೇರಳೆ ಕಿರಣ ಶೇಕಡ 10ರಷ್ಟು ಹೆಚ್ಚುತ್ತದೆ, ಹೊಸ ಹಿಮ ಶೇಕಡ 80ರವರೆಗೂ ಅದನ್ನು ವಾಪಸು ಮುಖಕ್ಕೇ ಎಸೆಯುತ್ತದೆ. ಮೋಡ ಕವಿದಿದ್ದರೂ ಕಣ್ಣು ಬೇಯುತ್ತದೆ. ಕಣ್ಣಿನಲ್ಲಿ ಮರಳು ಹಾಕಿ ತಿಕ್ಕಿದಂಥ ಉರಿ ಶುರುವಾಗುವುದು ಕೆಲವು ಗಂಟೆಗಳ ಮೇಲೆ, ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿರುತ್ತದೆ. ಬದಿಗಳೂ ಮುಚ್ಚುವಂಥ, ಬೆಳಕು ತಡೆಯುವ ಮಟ್ಟ ಕ್ಯಾಟಗರಿ 3 ಅಥವಾ 4 ಎಂದಿರುವ ಕಪ್ಪು ಕನ್ನಡಕ ತನ್ನಿ. ಸನ್‌ಸ್ಕ್ರೀನನ್ನು ಮೂಗಿನ ಅಡಿ, ಗಲ್ಲದ ಅಡಿ ಕೂಡ ಹಚ್ಚಿ. ಬಿಸಿಲು ಕೆಳಗಿನಿಂದಲೂ ಬರುತ್ತದೆ.

ನೀರಿನ ಬಾಟಲಿಯನ್ನು ತಲೆಕೆಳಗಾಗಿಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ತೆರೆದೇ ಇರುತ್ತದೆ. ನಳಿಕೆಯಿಂದ ಹೀರುವ ಚೀಲ ಮಾತ್ರ ನಂಬಬೇಡಿ, ಮೊದಲು ಹೆಪ್ಪುಗಟ್ಟುವುದೇ ಆ ನಳಿಕೆ. ಹಿಮ ಕರಗಿಸಿ ನೀರು ಮಾಡುವುದಾದರೆ ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರು ಹಾಕಿ, ಬರೀ ಹಿಮ ಹಾಕಿದರೆ ತಳ ಸೀಯುತ್ತದೆ. ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರವೇ ಸೋಲುತ್ತದೆ, ಪ್ರೊಪೇನ್ ಬೆರೆಸಿದ್ದು ತೆಗೆದುಕೊಳ್ಳಿ. ಡೇರೆಯ ಬಾಗಿಲು ಮುಚ್ಚಿ ಒಲೆ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಫೋನು ಮತ್ತು ಹೆಡ್‌ಲ್ಯಾಂಪಿನ ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗಿದಂತೆ ಇರಲಿ.

ಹೊತ್ತಿನ ಲೆಕ್ಕ

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಮೇಲೇರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದೂರ, 1,200 ಮೀಟರ್ ಏರು ಎಂದರೆ 3 ಗಂಟೆ 12 ನಿಮಿಷ. ಇದು ಒಣ ನೆಲದ, ಗಟ್ಟಿಮುಟ್ಟಾದವರ, ತಗ್ಗು ಎತ್ತರದ ಲೆಕ್ಕ. ಮೊಣಕಾಲಿಗೆ ಬರುವ ಹಿಮದಲ್ಲಿ ದಾರಿ ಮಾಡಿಕೊಂಡು ಹೋಗುವಾಗ ನಾನು ಅದನ್ನು ಎರಡರಿಂದ ಗುಣಿಸುತ್ತೇನೆ. 4,000 ಮೀಟರಿನ ಮೇಲಾದರೆ ಇನ್ನೂ ಸೇರಿಸುತ್ತೇನೆ. ಇಳಿಯುವುದಕ್ಕೂ ಹೆಚ್ಚುಕಡಿಮೆ ಹತ್ತಿದಷ್ಟೇ ಹೊತ್ತು ಇಟ್ಟುಕೊಳ್ಳಿ, ಮೊದಲ ಹಿಮದಲ್ಲಿ ಇಳಿತ ಬೇಗ ಆಗುವುದಿಲ್ಲ. ಈ ಕಾಲದಲ್ಲಿ ಹಗಲೂ ಗಿಡ್ಡ.

ಹೀಗೆ ಲೆಕ್ಕ ಹಾಕಿ, ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂಬ ಹೊತ್ತನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿ, ತಂಡದ ಎಲ್ಲರೂ ಒಪ್ಪಿ, ಬರೆದಿಡಿ. ಮೇಲೆ ಹೋದ ಮೇಲೆ ಚರ್ಚಿಸಬೇಡಿ. ಶಿಖರ ಕಣ್ಣೆದುರಿಗೆ ಇರುವಾಗ, ಉಸಿರು ಸಾಲದ ತಲೆಯಿಂದ ಒಳ್ಳೆಯ ತೀರ್ಮಾನ ಬರುವುದಿಲ್ಲ.

ಕಾಲಡಿಯ ನೆಲ ಓದುವುದು

ಮೊದಲ ಹಿಮದಲ್ಲಿ ಅತಿ ಹೆಚ್ಚು ಕಾಲು ಮುರಿಯುವ ಸಾಧ್ಯತೆ ಇರುವುದು ಕಡಿದಾದ ಜಾಗದಲ್ಲಲ್ಲ, ದೊಡ್ಡ ಕಲ್ಲುಗಳು ಒಂದರ ಮೇಲೊಂದು ಬಿದ್ದಿರುವ ಸಾಧಾರಣ ಏರಿನಲ್ಲಿ. ಕಲ್ಲುಗಳ ನಡುವಿನ ಸಂದಿಯ ಮೇಲೆ ಹಿಮ ಚಾಪೆ ಹಾಸಿರುತ್ತದೆ. ನನಗೆ ಒಮ್ಮೆ ಹೀಗಾಯಿತು. ಎರಡು ಕಲ್ಲಿನ ನಡುವೆ ನುಣ್ಣಗೆ ಕಂಡ ಜಾಗದಲ್ಲಿ ಎಡಗಾಲಿಟ್ಟೆ, ತೊಡೆಯವರೆಗೆ ಇಳಿದುಹೋಯಿತು. ಬೂಟು ಕೆಳಗೆ ಎಲ್ಲೋ ಬೆಣೆ ಹೊಡೆದ ಹಾಗೆ ಸಿಕ್ಕಿಕೊಂಡಿತು, ಮೈ ಮಾತ್ರ ಮುಂದಕ್ಕೆ ವಾಲುತ್ತಿತ್ತು. ಕೋಲು ಎದುರಿನ ಕಲ್ಲಿಗೆ ಊರಿಕೊಂಡಿದ್ದರಿಂದ ಮೂಳೆ ಉಳಿಯಿತು. ಜೊತೆಗಿದ್ದವನು ಕೈಯಲ್ಲಿ ಹಿಮ ತೋಡಿ, ಬೂಟಿನ ಲೇಸು ಸಡಿಲಿಸಿ ಕಾಲು ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬನೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಇವತ್ತಿಗೂ ನೆನಪಾಗುತ್ತದೆ.

ಅಂಥಲ್ಲಿ ಹೀಗೆ ನಡೆಯಿರಿ: ಮೊದಲು ಕೋಲಿನಿಂದ ಚುಚ್ಚಿ ನೋಡಿ, ಕಲ್ಲು ತಾಗಿದರೆ ಅಲ್ಲಿ ಪಾದ ಇಡಿ. ಪೂರ್ತಿ ಭಾರ ಹಾಕುವ ಮುಂಚೆ ಅರ್ಧ ಭಾರ ಹಾಕಿ ಒಂದು ಕ್ಷಣ ತಡೆಯಿರಿ. ಕಾಣುವ ಕಲ್ಲಿನ ನೆತ್ತಿಯಿಂದ ನೆತ್ತಿಗೆ ಹಾರಬೇಡಿ, ಆ ನೆತ್ತಿಗಳ ಮೇಲೆ ಗಾಜಿನಂಥ ತೆಳು ಮಂಜುಗಡ್ಡೆ ಇರಬಹುದು. ಅದು ಹತ್ತಿರದಿಂದ ನೋಡಿದರೂ ಕಾಣಿಸುವುದಿಲ್ಲ. ಕಲ್ಲು ಒದ್ದೆಯಾದ ಹಾಗೆ ಹೊಳೆಯುತ್ತಿದ್ದು, ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದರೆ ಅದು ನೀರಲ್ಲ ಎಂದು ತಿಳಿಯಿರಿ. ಉದ್ದ ಹುಲ್ಲಿನ ಮೇಲೆ ಬಿದ್ದ ಹಿಮವೂ ಹೀಗೆಯೇ. ಹುಲ್ಲು ಇಳಿಜಾರಿನ ಕಡೆಗೆ ಬಾಗಿ ಮಲಗಿರುತ್ತದೆ, ಮೇಲೆ ಕಾಲಿಟ್ಟರೆ ಜಾರುಬಂಡೆ.

ಹಳ್ಳ ತೊರೆಗಳು ಈ ಕಾಲದಲ್ಲಿ ಇನ್ನೂ ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ. ಮೇಲೆ ಹಿಮದ ಸೇತುವೆ ಕಾಣುತ್ತದೆ, ಕೆಳಗೆ ನೀರು ಓಡುವ ಸದ್ದು ಕೇಳುತ್ತದೆ. ಸದ್ದು ಕೇಳಿದರೆ ಸೇತುವೆ ನಂಬಬೇಡಿ. ನೀರು ತೆರೆದು ಕಾಣುವ ಕಡೆ ಕಲ್ಲು ನೋಡಿಕೊಂಡು ದಾಟಿ, ದಾಟುವಾಗ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ. ಒದ್ದೆಯಾದ ಕಾಲುಚೀಲದಲ್ಲಿ ಮುಂದೆ ಹೋಗುವ ಮಾತೇ ಇಲ್ಲ, ಅಲ್ಲೇ ಬದಲಿಸಿ.

ಹಿಮ ಸ್ವಲ್ಪ ಆಳವಿದ್ದು ಏರು ಕಡಿದಾದಾಗ ಬೂಟಿನ ಮೂತಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳಿ. ಮೆಟ್ಟಿಲು ತುಸು ಒಳಮುಖವಾಗಿ ವಾಲಿರಲಿ, ಹಿಂದೆ ಬರುವವರಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರ ಹೆಜ್ಜೆಗೆ ಎಟಕುವಂತಿರಲಿ. ಮುಂದೆ ನಡೆಯುವವರನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬದಲಿಸಿ. ಹಿಂಗಾಲನ್ನು ನೇರ ಮಾಡಿ ಮೂಳೆಯ ಮೇಲೆ ಭಾರ ಬಿಟ್ಟು ಒಂದು ಉಸಿರು ತಡೆದು ಮುಂದಿನ ಹೆಜ್ಜೆ ಇಟ್ಟರೆ ತೊಡೆ ಸೋಲುವುದಿಲ್ಲ.

ದಾರಿ ಹಿಮದಡಿ ಹೋಗಿರುತ್ತದೆ, ಗುರುತಿನ ಕಲ್ಲುರಾಶಿಗಳೂ ಮುಚ್ಚಿರುತ್ತವೆ. ನಕ್ಷೆ ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತಿರಲಿ, ಕಾಗದದ ನಕ್ಷೆ ಮತ್ತು ದಿಕ್ಸೂಚಿಯೂ ಜೊತೆಗಿರಲಿ. ಯಾರದೋ ಹೆಜ್ಜೆಗುರುತು ಕಂಡಿತೆಂದು ಹಿಂದೆ ಹೋಗಬೇಡಿ, ಅವರಿಗೆ ದಾರಿ ಗೊತ್ತಿತ್ತೆಂದು ಯಾರು ಹೇಳಿದರು? ನಿಮ್ಮ ಹೆಜ್ಜೆಗಳನ್ನೇ ಹಿಡಿದು ವಾಪಸು ಬರಬಹುದು ಎಂದೂ ನೆಚ್ಚಬೇಡಿ, ಗಾಳಿ ಎದ್ದರೆ ನೋಡನೋಡುತ್ತ ಅಳಿಸಿಹೋಗುತ್ತವೆ. ಹತ್ತುವಾಗಲೇ ಆಗಾಗ ಹಿಂದೆ ತಿರುಗಿ ನೋಡಿ. ಇಳಿಯುವಾಗ ಬೆಟ್ಟ ಬೇರೆಯೇ ಕಾಣುತ್ತದೆ.

ಹಿಮಕುಸಿತ: 'ಇಷ್ಟು ಕಡಿಮೆ ಹಿಮದಲ್ಲಿ ಏನಾಗುತ್ತೆ'

ಈ ಪ್ರಶ್ನೆ ನಾನು ತುಂಬ ಸಲ ಕೇಳಿದ್ದೇನೆ. ಕಡಿಮೆ ಹಿಮವೇ ತೊಂದರೆಯ ಮೂಲ ಎಂದು ವಿವರಿಸಿದರೆ ಬಹಳ ಜನಕ್ಕೆ ಆಶ್ಚರ್ಯವಾಗುತ್ತದೆ.

ಹಿಮದಡಿಯ ನೆಲ ಸಾಮಾನ್ಯವಾಗಿ ಸೊನ್ನೆ ಡಿಗ್ರಿಯ ಹತ್ತಿರವೇ ಉಳಿಯುತ್ತದೆ. ಮೇಲೆ 30 ಸೆಂಟಿಮೀಟರ್ ಹಿಮ, ಹಿಮದ ಮೇಲ್ಮೈ ಮೈನಸ್ 15 ಎಂದುಕೊಳ್ಳಿ. ಅಷ್ಟು ತೆಳು ಪದರದಲ್ಲಿ 15 ಡಿಗ್ರಿ ವ್ಯತ್ಯಾಸ, ಅಂದರೆ ಮೀಟರಿಗೆ 50 ಡಿಗ್ರಿಯ ಲೆಕ್ಕ. ಮೀಟರಿಗೆ ಸುಮಾರು 10 ಡಿಗ್ರಿ ದಾಟಿದರೆ ಸಾಕು, ಕೆಳಗಿನ ಆವಿ ಮೇಲಕ್ಕೆ ಹರಿದು ಹಿಮದ ಹರಳುಗಳು ರೂಪ ಬದಲಿಸಿ, ಮೂಲೆ ಮೂಲೆಯ, ಒಂದಕ್ಕೊಂದು ಅಂಟದ ಕಾಳುಗಳಾಗುತ್ತವೆ. ಇದನ್ನು ಕೈಯಾರೆ ನೋಡಬಹುದು. ನೆರಳಿನ ಮಗ್ಗುಲಲ್ಲಿ, ಅಪಾಯವಿಲ್ಲದ ಸಣ್ಣ ದಿಣ್ಣೆಯಲ್ಲಿ ನೆಲದವರೆಗೆ ತೋಡಿ, ತಳದ ಒಂದು ಹಿಡಿ ಹಿಮ ತೆಗೆದು ಉಂಡೆ ಕಟ್ಟಲು ನೋಡಿ. ಮೇಲಿನ ಹಿಮ ಉಂಡೆಯಾಗುತ್ತದೆ. ತಳದ್ದು ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸೋರಿ ಬೀಳುತ್ತದೆ, ಬಿಸಿಲಿಗೆ ಹಿಡಿದರೆ ಒಂದೊಂದು ಕಾಳೂ ಬೇರೆ ಬೇರೆಯಾಗಿ ಮಿನುಗುತ್ತದೆ. ಮುಂದೆ ಬೀಳುವ ಭಾರದ ಹಿಮವೆಲ್ಲ ನಿಂತಿರುವುದು ಈ ಸಕ್ಕರೆಯ ಮೇಲೆ. ಮುಚ್ಚುತ್ತದೆ, ಹೊರುವುದಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಇನ್ನೊಂದು ಸೂಕ್ಷ್ಮ ಇದೆ. ಋತುವಿನ ಆರಂಭದಲ್ಲಿ ಬೆಟ್ಟದ ಬಹುಪಾಲು ಕಲ್ಲುಕಲ್ಲಾಗಿ, ನಡೆಯಲು ಕಿರಿಕಿರಿಯಾಗಿರುತ್ತದೆ. ಕಲ್ಲೇ ಕಾಣದ, ನುಣುಪಾದ, ನಡೆಯಲು ಹಿತವಾದ ಹಿಮ ಸಿಗುವುದು ನೆರಳಿನ ಕೊರಕಲುಗಳಲ್ಲಿ ಮತ್ತು ಗಾಳಿ ಹಿಮ ತಂದು ಸುರಿದ ಮರೆಯ ಮಗ್ಗುಲಲ್ಲಿ. ಹಳೆಯ ಹಿಮ ಕರಗದೆ ಸಕ್ಕರೆಯಾಗಿ ಉಳಿದಿರುವುದೂ ಅಲ್ಲೇ, ಗಾಳಿ ಅದರ ಮೇಲೆ ಹಿಮವನ್ನು ಒತ್ತಿ ಗಟ್ಟಿ ಹಲಗೆಯ ಹಾಗೆ ಕಟ್ಟಿರುವುದೂ ಅಲ್ಲೇ. ಅಂದರೆ ಕಾಲು ಯಾವ ಕಡೆ ಹೋಗಲು ಬಯಸುತ್ತದೋ ಆ ಕಡೆಯೇ ಅಪಾಯ ಕೂತಿರುತ್ತದೆ. ಕಿರಿಕಿರಿಯಾದರೂ ಗಾಳಿ ಗುಡಿಸಿದ ಏಣಿನ ಮೇಲೆ, ಕಲ್ಲು ಕಾಣುವ ಕಡೆಯೇ ನಡೆಯಿರಿ.

ಹಲಗೆಯಾಗಿ ಕಳಚುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಫೋನಿನ ಆ್ಯಪಿನಲ್ಲಿ ಕೋನ ಅಳೆಯಬಹುದು. ಒಂದೇ ಉದ್ದದ ಎರಡು ಕೋಲುಗಳಿಂದಲೂ ಆಗುತ್ತದೆ. ಅಪಾಯವಿಲ್ಲದ ಅಂಚಿನಲ್ಲಿ, ಒಂದು ಕೋಲನ್ನು ಇಳಿಜಾರಿನ ಉದ್ದಕ್ಕೆ ಹಿಮದ ಮೇಲೆ ಒತ್ತಿ ಅಚ್ಚು ಮಾಡಿ. ಅದರ ಮೇಲ್ಬದಿಯ ತುದಿಯನ್ನು ಕದಲಿಸದೆ ಕೆಳಬದಿಯ ತುದಿಯನ್ನು ಮೇಲೆತ್ತಿ. ಎತ್ತಿದ ತುದಿಗೆ ಎರಡನೆಯ ಕೋಲನ್ನು ಹಿಡಿದು ನೇರ ಕೆಳಕ್ಕೆ ತೂಗುಬಿಡಿ, ಅದು ಹಿಮಕ್ಕೆ ತಾಗುವವರೆಗೆ ಎತ್ತರ ಸರಿಮಾಡಿ. ಅಚ್ಚಿನ ಕೆಳತುದಿಗೇ ಸರಿಯಾಗಿ ತಾಗಿದರೆ 30 ಡಿಗ್ರಿ. ಅದಕ್ಕಿಂತ ಕೆಳಗೆ ತಾಗಿದರೆ ಇಳಿಜಾರು 30 ಡಿಗ್ರಿಗಿಂತ ಕಡಿದು. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲೆ ಅಂಥ ಇಳಿಜಾರಿದ್ದರೆ ನೀವು ಅದರ ದಾರಿಯಲ್ಲೇ ಇದ್ದೀರಿ.

ಕಾಲಿಟ್ಟಾಗ ಹಿಮ 'ಧುಮ್' ಎಂದು ಕುಸಿದ ಸದ್ದು, ಪಾದದಿಂದ ಆಚೆಗೆ ಓಡುವ ಬಿರುಕು, ಅಕ್ಕಪಕ್ಕದ ಮಗ್ಗುಲಲ್ಲಿ ಹೊಸದಾಗಿ ಜಾರಿದ ಹಿಮ, ಕೋಲು ಕುಟ್ಟಿದರೆ ತಮಟೆಯಂಥ ಟೊಳ್ಳು ದನಿ, ಹಠಾತ್ತನೆ ಏರಿದ ಬಿಸಿ. ಇವುಗಳಲ್ಲಿ ಒಂದು ಕಂಡರೂ ಆ ಮಗ್ಗುಲಿನ ಆಸೆ ಬಿಡಿ. ಕುಸಿಯುವ ಹಿಮ ಸಣ್ಣದಿದ್ದರೂ ಅದು ನಿಮ್ಮನ್ನು ಮೆತ್ತನೆ ಹಿಮದ ಮೇಲೆ ಎಳೆದೊಯ್ಯುವುದಿಲ್ಲ, ಕಲ್ಲುಗಳ ಮೇಲೆ ಎಳೆದೊಯ್ಯುತ್ತದೆ.

ಇಂಥ ಇಳಿಜಾರಿನ ಆಸುಪಾಸು ಹೋಗುವ ಪ್ರತಿಯೊಬ್ಬರ ಹತ್ತಿರವೂ ಹೂತವರನ್ನು ಪತ್ತೆ ಮಾಡಲು ಸಂಕೇತ ಕಳಿಸುವ, ಹಿಡಿಯುವ ಟ್ರಾನ್ಸೀವರ್, ಹಿಮದಲ್ಲಿ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ ಮೂರೂ ಇರಬೇಕು, ಬಳಸಿ ರೂಢಿಯಾಗಿರಬೇಕು. ಹೂತವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷದ ನಂತರ ಕಡಿದಾಗಿ ಇಳಿಯುತ್ತದೆ. ಹೊರಗಿನ ಸಹಾಯ ಅಷ್ಟರಲ್ಲಿ ಬರುವುದಿಲ್ಲ, ಜೊತೆಗಾರರೇ ಅಗೆಯಬೇಕು. ದಾಟಲೇಬೇಕಾದ ಜಾಗವನ್ನು ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಲಿ.

ಏಣು, ನೆತ್ತಿ, ಇಳಿತ

ಏಣಿನ ಅಂಚಿನಲ್ಲಿ ಗಾಳಿ ಹಿಮವನ್ನು ಆಚೆಗೆ ಚಾಚಿ ಮನೆಯ ಸೂರಿನ ಹಾಗೆ ಕಟ್ಟಿರುತ್ತದೆ. ಮೇಲಿನಿಂದ ನೋಡಿದರೆ ನೆಲವೇ ಅನ್ನಿಸುತ್ತದೆ. ಅದು ಮುರಿಯುವಾಗ ನೀವು ಎಣಿಸಿದ್ದಕ್ಕಿಂತ ಹಿಂದಿನಿಂದ ಮುರಿಯುತ್ತದೆ. ಫೋಟೋಗಾಗಿ ಅಂಚಿಗೆ ಹೋಗಬೇಡಿ, ಕಲ್ಲು ಕಾಣುವ ಕಡೆಯೇ ಇರಿ.

ಒಮ್ಮೆ ನೆತ್ತಿಗೆ ಇನ್ನು 150 ಮೀಟರ್ ಇದ್ದಾಗ ನಾವು ಬರೆದಿಟ್ಟ ಹೊತ್ತು ಆಯಿತು. ಆಕಾಶ ನೀಲಿ, ಗಾಳಿ ಇಲ್ಲ, ಯಾರಿಗೂ ತಲೆನೋವಿಲ್ಲ. ಆದರೂ ತಿರುಗಿದೆವು, ಮನಸ್ಸು ಭಾರವಾಗಿತ್ತು. ಬೆಳಿಗ್ಗೆ ಮೆತ್ತಗಿದ್ದ ಒಂದು ತಿರುವು ಮಧ್ಯಾಹ್ನ ಕರಗಿ, ನೆರಳು ಬಿದ್ದ ಮೇಲೆ ಗಾಜಾಗಿತ್ತು. ಬೆಳಕಿದ್ದಾಗಲೇ ಅದನ್ನು ಇಳಿಯಲು ಒಂದು ಗಂಟೆ ಬೇಕಾಯಿತು. ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ನಾನು ಅದನ್ನು ಇಳಿಯಲಾರೆ.

ಇಳಿಯುವಾಗ ಸೊಂಟ ಸ್ವಲ್ಪ ಮುಂದೆ ಬಾಗಿಸಿ, ಮೊಣಕಾಲು ಸಡಿಲ ಬಿಟ್ಟು, ಮೆತ್ತನೆ ಹಿಮದಲ್ಲಿ ಹಿಮ್ಮಡಿ ಊರಿ ಇಳಿಯಿರಿ. ಗಟ್ಟಿ ಹಿಮದಲ್ಲಿ ಕ್ರ್ಯಾಂಪಾನಿನ ಎಲ್ಲ ಮುಳ್ಳೂ ತಾಗುವಂತೆ ಪಾದ ಚಪ್ಪಟೆಯಾಗಿಡಿ. ತೀರ ಕಡಿದಾದರೆ ಬೆಟ್ಟಕ್ಕೆ ಮುಖ ಮಾಡಿ ಏಣಿ ಇಳಿಯುವ ಹಾಗೆ ಇಳಿಯಿರಿ. ಕೂತು ಜಾರುವುದು ಈ ಕಾಲದಲ್ಲಿ ಬೇಡವೇ ಬೇಡ. ಹಿಮದಡಿಯ ಕಲ್ಲು ನಿಮಗಾಗಿ ಕಾದಿರುತ್ತದೆ. ಕ್ರ್ಯಾಂಪಾನ್ ಹಾಕಿಕೊಂಡು ಜಾರುವುದಂತೂ ಯಾವ ಕಾಲದಲ್ಲೂ ಕೂಡದು.

ಏನಾದರೂ ಆದರೆ

ಜೊತೆಗಾರ ಎಡವತೊಡಗಿದರೆ, ಮಾತು ತೊದಲಿದರೆ, ಜಿಪ್ ಹಾಕಿಕೊಳ್ಳಲು ಬರದಿದ್ದರೆ, ಸುಮ್ಮಸುಮ್ಮನೆ ಸಿಡುಕಿದರೆ ಮೈಯೊಳಗಿನ ಬಿಸಿ ಇಳಿಯುತ್ತಿದೆ ಎಂದರ್ಥ. 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. 'ನಾನು ಸರಿಯಾಗೇ ಇದ್ದೀನಿ' ಎಂದು ಅವರು ಹೇಳುವುದನ್ನು ನಂಬಬೇಡಿ. ಗಾಳಿ ಮರೆಗೆ ಕರೆತಂದು, ಒದ್ದೆ ಬಟ್ಟೆ ಬದಲಿಸಿ, ಅಡಿಯಲ್ಲಿ ಚಾಪೆ ಹಾಸಿ, ಮೇಲೆ ಹೊದಿಸಿ, ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಬಿಸಿ ಸಿಹಿ ಪಾನೀಯ ಕೊಡಿ. ಬೆರಳು ಮೇಣದ ಹಾಗೆ ಬಿಳಿಚಿ ಸ್ಪರ್ಶ ಸತ್ತಿದ್ದರೆ ಅದನ್ನು ತಿಕ್ಕಬೇಡಿ, ಹಿಮ ಹಚ್ಚಿ ಉಜ್ಜುವುದಂತೂ ಹಾನಿ. ಮತ್ತೆ ಮರಗಟ್ಟುವ ಸಾಧ್ಯತೆ ಇಲ್ಲದ ಜಾಗ ತಲುಪಿದ ಮೇಲೆ ಮಾತ್ರ 37ರಿಂದ 39 ಡಿಗ್ರಿಯ ನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಬೇಕು.

ಫೋನ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಜೀವ ಉಳಿಸುತ್ತದೆ. ಸೀಟಿ ಅಥವಾ ಟಾರ್ಚಿನಿಂದ ಕರೆಯುವುದಾದರೆ ಒಂದು ನಿಮಿಷದಲ್ಲಿ ಆರು ಸಲ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು ಸಲ. ನಿಮಿಷಕ್ಕೆ ಮೂರು ಸಲ ಮರುದನಿ ಬಂದರೆ ಅದು ಉತ್ತರ. ಅದಾದ ಮೇಲೂ ಅವರು ನಿಮ್ಮ ಹತ್ತಿರ ಬರುವವರೆಗೆ ಸಂಕೇತ ನಿಲ್ಲಿಸಬೇಡಿ.

ಕೆಳಗೆ ಬಂದ ಮೇಲೆ

ಚೀಟಿ ಕೊಟ್ಟವರಿಗೆ ಮೊದಲ ಸುದ್ದಿ ಕೊಡಿ. ಆಮೇಲೆ ಬೂಟು ಬಿಚ್ಚಿ ಬೆರಳುಗಳನ್ನು ಬೆಳಕಿನಲ್ಲಿ ಒಂದೊಂದಾಗಿ ನೋಡಿ. ಬೂಟಿನೊಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ, ಬೆಂಕಿಯ ಹತ್ತಿರ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ. ಕ್ರ್ಯಾಂಪಾನ್ ಒರೆಸಿ ಒಣಗಿಸಿಡಿ. ಹೊರಡುವ ಮುಂಚೆ ಬರೆದ ಹವಾಮಾನದ ಹಾಳೆ ತೆಗೆದು ಅದರಡಿಯಲ್ಲೇ ನೀವು ಕಂಡದ್ದನ್ನು ಬರೆಯಿರಿ: ಯಾವ ಎತ್ತರದಲ್ಲಿ ಎಷ್ಟು ಹಿಮ, ಯಾವ ಮಗ್ಗುಲಲ್ಲಿ ಸಕ್ಕರೆ ಹಿಮ, ಎಲ್ಲಿ ಧುಮ್ ಸದ್ದು, ಯಾವ ಹಳ್ಳ ಇನ್ನೂ ಹರಿಯುತ್ತಿದೆ. ಅದರ ಫೋಟೋ ತೆಗೆದು, ಮಾರನೆಯ ವಾರ ಅದೇ ದಾರಿಯಲ್ಲಿ ಹೊರಡುವವರಿಗೂ ಅಲ್ಲಿನ ಹಿಮಕುಸಿತದ ಮುನ್ಸೂಚನೆ ಬರೆಯುವವರಿಗೂ ಕಳಿಸಿ.